ಕಾಕತಾಲೀಯವೂ ಕರುಣೆಯೂ

ಫಲವಿಲ್ಲವೆಂದು ತಿಳಿದ ಔಷಧವನ್ನು, ಬೇಡುವವರ ದುಃಖವನ್ನು ನೋಡಲಾರದೆ ಕೊಡುವುದು ದಯೆಯೊ, ವಂಚನೆಯೊ? ತರ್ಕದ ಪಾಠಕ್ಕಾಗಿ ಎತ್ತಿದ ಪ್ರಶ್ನೆಯಲ್ಲ ಇದು. ಎರಡು ಮೂರು ಬಾರಿ ಗರ್ಭ ನಿಲ್ಲದೆ ಹೋದ ಹೆಣ್ಣುಮಕ್ಕಳ ವಿಷಯದಲ್ಲಿ ಯೂರೋಪಿನ ವೈದ್ಯರ ಮುಂದೆ ನಿಜವಾಗಿಯೂ ಬಂದು ನಿಂತುದು.

ರಕ್ತವು ಬೇಗನೆ ಹೆಪ್ಪುಗಟ್ಟುವ ಸ್ವಭಾವವು ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಬರುತ್ತದೆ. ಇದರ ಒಂದು ಕಾರಣವನ್ನು 1994ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದ ವಿದ್ವಾಂಸರು ಕಂಡುಹಿಡಿದುದರಿಂದ ಅದಕ್ಕೆ ‘ಫ್ಯಾಕ್ಟರ್ ಫೈವ್ ಲೈಡನ್’ ಎಂದು ಹೆಸರಾಯಿತು. (ಇದು ತಾಯಿಯಿಂದ ಬರುವಂತೆಯೇ ತಂದೆಯಿಂದಲೂ ಬರುವುದು, ಸೊಸೆಯ ಕಾಲ್ಗುಣವನ್ನು ಹಳಿಯುವ ಅತ್ತೆಯರು ಗಮನಿಸಬೇಕು.) ಇಂಥವರಲ್ಲಿ ಗರ್ಭಸ್ರಾವವು ಹೆಚ್ಚೆಂದು ಕಂಡುದರಿಂದ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಎಂಬ ಔಷಧವನ್ನು ಗರ್ಭಿಣಿಯರಿಗೆ ದಿನವೂ ಚುಚ್ಚುವ ರೂಢಿ ಬೆಳೆಯಿತು. ಮಗು ಹುಟ್ಟಿತು, ಮದ್ದಿನಿಂದ ಹುಟ್ಟಿತೆಂದರು.

ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸಬಾರದೆಂದು ನಮ್ಮ ನೈಯಾಯಿಕರು ಎಂದೋ ಎಚ್ಚರಿಸಿದ್ದಾರೆ. ಕಾರಣವನ್ನು ನಿಶ್ಚಯಿಸಲು ಅನ್ವಯವೊಂದೇ ಸಾಲದು, ವ್ಯತಿರೇಕವೂ ಬೇಕು. ಮದ್ದಿದ್ದಾಗ ಆಯಿತೆಂದರೆ ಮುಗಿಯಲಿಲ್ಲ, ಇಲ್ಲದಾಗ ಆಗಲಿಲ್ಲವೆಂದೂ ತೋರಿಸಬೇಕು. 2023ರಲ್ಲಿ ಪ್ರಕಟವಾದ ‘ಅಲೈಫ್-2’ ಎಂಬ ಪರೀಕ್ಷೆಯು ಮಾಡಿದುದು ಇದನ್ನೇ. ಐದು ದೇಶಗಳ ಆಸ್ಪತ್ರೆಗಳಲ್ಲಿ ಇಂತಹ 326 ಮಂದಿ ಗರ್ಭಿಣಿಯರನ್ನು, ಚೀಟಿ ಎತ್ತಿದಂತೆ, ಎರಡು ಪಂಗಡ ಮಾಡಿದರು. ಹೆಪಾರಿನ್ ಪಡೆದವರಲ್ಲಿ ನೂರಕ್ಕೆ 71.6ರಷ್ಟು ಮಂದಿಗೆ, ಎಂದಿನ ವೈದ್ಯರ ನಿಗಾ ಮಾತ್ರ ಇದ್ದವರಲ್ಲಿ 70.9ರಷ್ಟು ಮಂದಿಗೆ ಜೀವಂತ ಶಿಶು ಜನಿಸಿತು. ಚುಚ್ಚಿಸಿಕೊಂಡವರಿಗೆ ಮೈ ಕಂದಿ ಕಪ್ಪಿಟ್ಟುದೇ ಹೆಚ್ಚಿನ ಲಾಭ!

“ಇರಲಿ, ಮನಸ್ಸಿಗೆ ಧೈರ್ಯವಾದರೂ ಆದೀತು” ಎನ್ನುವವರುಂಟು. ನನಗೆ ಇದು ಸಮ್ಮತವಲ್ಲ. ಸೂಜಿಯೇ ಗರ್ಭವನ್ನು ಕಾಯುವುದೆಂದು ನಂಬಿದವಳು, ಮತ್ತೆ ಗರ್ಭ ಜಾರಿದರೆ, ಸೂಜಿ ತಪ್ಪಿದ ಒಂದು ದಿನವನ್ನು ನೆನೆನೆನೆದು ತನ್ನನ್ನೇ ಹಳಿದುಕೊಳ್ಳುವಳು. ಧೈರ್ಯವೇ ಬೇಕಾದರೆ ಅದು ಈ ಲೆಕ್ಕದಲ್ಲಿಯೇ ಇದೆ: ಏನನ್ನೂ ಚುಚ್ಚದೆಯೂ ಹತ್ತರಲ್ಲಿ ಏಳು ಮಂದಿಯ ಮಡಿಲು ತುಂಬಿತಲ್ಲವೆ? ಉಳಿದ ಮೂವರ ಬಳಿ ವೈದ್ಯನು ಬರಿಗೈಯಲ್ಲಿ ಕುಳಿತು ಮಾತನಾಡಬೇಕಾಗುತ್ತದೆ. ಚುಚ್ಚುವುದು ಅದಕ್ಕಿಂತ ಸುಲಭ.

ಒಂದು ಮಾತು ಉಳಿಯಿತು. ಹುಟ್ಟಿನಿಂದಲ್ಲದೆ ನಡುವೆ ತಲೆದೋರುವ ಆಂಟಿಫಾಸ್ಫೋಲಿಪಿಡ್ ಎಂಬ ರಕ್ತದೋಷದಲ್ಲಿ ಹೆಪಾರಿನ್ನೂ ಆಸ್ಪಿರಿನ್ನೂ ಈಗಲೂ ವಿಹಿತವೇ; ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರ ಸಂಗತಿಯೂ ಬೇರೆ. ಆದುದರಿಂದ ಇದನ್ನು ಓದಿ ಯಾರೂ ವೈದ್ಯರನ್ನು ಕೇಳದೆ ಮದ್ದನ್ನು ನಿಲ್ಲಿಸಬಾರದು.