ಮೆತ್ತನೆ ಗಾಳಿ ಕೊಟ್ಟ ಒಪ್ಪಿಗೆ

ಈ ಹೊತ್ತು ಒಂದೇ ಪ್ರಶ್ನೆ ತಗೊಳ್ಳೋಣ. "ನನ್ನ ಲೈಫ್, ನನ್ನ ರಿಸ್ಕ್, ನಿಮಗೇನು?" ಅಂತ ನಾವು ಮನೆಯಲ್ಲಿ ಅಂತೀವಲ್ಲ, ಆ ಮಾತು ಎಷ್ಟು ಖರೆ?

ಕೌಸ್ತುಭ್ ಖಾಡೆ ಅನ್ನುವವರ ಹೆಸರು ಕೆಲವರು ಕೇಳಿರಬಹುದು. ಐಐಟಿ ದೆಹಲಿಯಲ್ಲಿ ಓದಿದವರು. ಗುಜರಾತಿನ ದ್ವಾರಕೆಯಿಂದ ಕನ್ಯಾಕುಮಾರಿಯವರೆಗೆ, ಸುಮಾರು 3000 ಕಿ.ಮೀ. ಸಮುದ್ರದಲ್ಲಿ, ಕಯಾಕ್ ಅನ್ನುವ ಸಣ್ಣ ದೋಣಿಯಲ್ಲಿ ಹುಟ್ಟು ಹಾಕುತ್ತಾ 84 ದಿನದಲ್ಲಿ ಮುಟ್ಟಿದರು. ಕಾರವಾರ, ಗೋಕರ್ಣ, ಮಲ್ಪೆ, ಮಂಗಳೂರು, ಅಂದರೆ ನಮ್ಮ ರಾಜ್ಯದ ಸುಮಾರು 320 ಕಿ.ಮೀ. ಕರಾವಳಿಯೂ ಆ ದಾರಿಯಲ್ಲೇ ಬರುತ್ತದೆ. ಲೆಕ್ಕ ಹಾಕಿರಿ, ದಿನಕ್ಕೆ ಸರಾಸರಿ 35 ಕಿ.ಮೀ. ನಾವು ಬಬಲೇಶ್ವರಕ್ಕೆ ಬಸ್ಸಿನಲ್ಲಿ ಹೋಗುವುದಕ್ಕೇ ಬೇಸರ ಮಾಡ್ತೀವಿ. ಅವರು ಅದಕ್ಕಿಂತ ದೂರ, ದಿನಾಲೂ, ತೋಳಿನ ಬಲದಿಂದ!

ಸಮುದ್ರದಲ್ಲಿ ಒಬ್ಬರೇ. ಆದರೆ ದಡದ ರಸ್ತೆಯಲ್ಲಿ ಶಾಂಜಲಿ ಶಾಹಿ ಅನ್ನುವವರು ಸೈಕಲ್ ತುಳಿಯುತ್ತಾ ಅದೇ ದೂರ ಜೊತೆಗೇ ಬಂದರು. ನನಗೆ ದೋಣಿಗಿಂತ ಈ ಸೈಕಲ್ ಹೆಚ್ಚು ಕಾಡುತ್ತದೆ. ಒಬ್ಬರೇ ಹೋದರು ಅಂತ ನಾವು ಹೇಳುವ ಎಲ್ಲಾ ಸಾಹಸದಲ್ಲೂ ದಡದಲ್ಲಿ ಒಬ್ಬರು ಗಡಿಯಾರ ನೋಡ್ತಾ ಇರ್ತಾರೆ. ಹೊತ್ತು ಮೀರಿದರೆ ಫೋನ್ ಮಾಡಬೇಕಾದವರು ಅವರು. ಹುಡುಕಲು ದೋಣಿ ಇಳಿಸಬೇಕಾದವರು ಮೀನುಗಾರರು. ಅವರಿಗೂ ಹೆಂಡಿರು ಮಕ್ಕಳಿದ್ದಾರೆ. ಹಾಗಾದರೆ ರಿಸ್ಕ್ ನನ್ನೊಬ್ಬನದು ಹೇಗಾಯಿತು?

"ಹಾಗಿದ್ದರೆ ಎಲ್ಲೂ ಹೋಗಬಾರದಾ ಬ್ರದರ್?" ಅಂತ ಕೇಳ್ತೀರಿ. ನಾನು ಹಾಗೆ ಹೇಳುವುದಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತವನು ಪರಿಶುದ್ಧ ಅಂತ ಸತ್ಯವೇದ ಎಲ್ಲೂ ಹೇಳಿಲ್ಲ. ಸಂತೋಷಕ್ಕಾಗಿ ನೀರಿಗಿಳಿಯುವುದು ಪಾಪವೂ ಅಲ್ಲ. ಪ್ರಶ್ನೆ ಬೇರೆ: ಹೋಗು ಅಂತ ನಮಗೆ ಹೇಳಿದ್ದು ಯಾರು?

ಗಾಳಿಯ ವಿಷಯ ಸ್ವಲ್ಪ ತಿಳಿಯಬೇಕು. ನಮ್ಮ ತಿಕೋಟಾ ಕಡೆ ಗಾಳಿ ಗೆಳೆಯ. ಒಣದ್ರಾಕ್ಷಿ ಶೆಡ್‌ನವರನ್ನು ಕೇಳಿರಿ, ಒಣಗಾಳಿ ಆಡದಿದ್ದರೆ ಹಣ್ಣು ಕೆಡುತ್ತದೆ. ಕಡಲಲ್ಲಿ ಹಾಗಲ್ಲ. ಹಗಲು ನೆಲ ಬೇಗ ಕಾಯುತ್ತದೆ, ಮಧ್ಯಾಹ್ನ ಗಾಳಿ ಕಡಲಿನಿಂದ ನೆಲಕ್ಕೆ ಜೋರಾಗಿ ಬರುತ್ತದೆ, ಅಲೆ ಏಳುತ್ತದೆ. ಅದು ಹೆದರಿಸುತ್ತದೆ, ಆದರೆ ದಡಕ್ಕೇ ತಳ್ಳುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ. ಆಗ ದಡದ ಹತ್ತಿರ ನೀರು ಹಾಸಿದ ಬಟ್ಟೆ ಹಂಗ ಇರುತ್ತದೆ. ಎರಡು ಸಲ ಹುಟ್ಟು ಹಾಕಿದರೆ ದೋಣಿ ತಾನೇ ಓಡುತ್ತದೆ. ದೂರ ಹೋದಷ್ಟೂ ಗಾಳಿ ಬಲ, ತಿರುಗಿದಾಗ ಎದುರಿಗೆ. ಕಯಾಕ್ ನಡೆಸುವವರು ಬಹಳ ಅಂಜುವುದು ಈ ಸುಲಭದ ಗಾಳಿಗೆ.

ಈಗ ಅಪೊಸ್ತಲರ ಕೃತ್ಯಗಳು 27ಕ್ಕೆ ಬನ್ನಿರಿ. ಕ್ರೇತದ್ವೀಪದ ಚಂದರೇವುಗಳಲ್ಲಿ ಹಡಗು ನಿಂತಿದೆ. ಮುಂದೆ ಹೋದರೆ ಜೀವಕ್ಕೂ ಹಾನಿ ಅಂತ ಪೌಲನು ಎಚ್ಚರಿಸಿದ. ಶತಾಧಿಪತಿ ಹಡಗಿನ ಯಜಮಾನನ ಮಾತು ನಂಬಿದ. ಹೆಚ್ಚು ಮಂದಿಯ ಅಭಿಪ್ರಾಯವೂ ಹೋಗೋಣ ಅಂತಲೇ. ಅಷ್ಟರಲ್ಲಿ ತೆಂಕಣ ಗಾಳಿ ಮೆಲ್ಲಗೆ ಬೀಸಿತು. ಅಂದುಕೊಂಡದ್ದು ಆಯಿತು ಅಂತ ಲಂಗರು ಎತ್ತಿ, ದಡಕ್ಕೆ ಹತ್ತಿಕೊಂಡೇ ಹೊರಟರು. ಸ್ವಲ್ಪ ಹೊತ್ತಿಗೆ ದ್ವೀಪದ ಕಡೆಯಿಂದ, ನೆಲದ ಕಡೆಯಿಂದ, ಬಿರುಗಾಳಿ ಹೊಡೆಯಿತು.

ಪ್ರಿಯರೇ, "ದೇವರು ಬಾಗಿಲು ತೆರೆದರು" ಅಂತ ಸಾಕ್ಷಿ ಹೇಳುವಾಗ ಎಷ್ಟೋ ಸಲ ನಾವು ತೋರಿಸುವುದು ಈ ತೆಂಕಣ ಗಾಳಿಯನ್ನೇ. ಲೋನ್ ಒಂದೇ ದಿನದಲ್ಲಿ ಪಾಸಾಯಿತು, ಆದ್ದರಿಂದ ದೇವರ ಚಿತ್ತ. ಬೆಂಗಳೂರಿನ ಕೆಲಸ ತಾನಾಗೇ ಬಂತು, ಆದ್ದರಿಂದ ದೇವರ ಚಿತ್ತ. ಸುಲಭವಾದದ್ದೆಲ್ಲ ದೇವರದ್ದಾದರೆ ಶಿಲುಬೆ ಯಾರದ್ದು?

ಆ ಹಡಗಿನಲ್ಲಿ 276 ಮಂದಿ ಇದ್ದರು. ನಿರ್ಧಾರ ಮಾಡಿದವರು ಎಷ್ಟು ಮಂದಿ? ಬೇಡ ಅಂದ ಪೌಲನೂ ಕೈದಿ, ಇಳಿದು ಹೋಗುವ ಹಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದ 4 ವಿದ್ಯಾರ್ಥಿನಿಯರು ಕಡಲಲ್ಲಿ ತೀರಿಕೊಂಡರು. ಕೋಲಾರ ಜಿಲ್ಲೆಯ ಮಕ್ಕಳು, ನಮ್ಮ ಹಂಗ ಬಯಲುಸೀಮೆಯವರು. ಆ ಮಕ್ಕಳ ತಪ್ಪು ಅಂತ ಯಾರೂ ಬಾಯಿ ಬಿಡಬಾರದು. ಹಿರಿಯರಾದ ನಾವು ಯಾರನ್ನಾದರೂ ಕರೆದುಕೊಂಡು ಹೊರಟಾಗ ಅವರ ಪಾಲಿನ ಗಾಳಿಯನ್ನೂ ನಾವೇ ನೋಡಬೇಕು. ಯೂತ್ ಟ್ರಿಪ್‌ಗೆ ಗೋಕರ್ಣ ಅಂತ ಲಿಸ್ಟ್ ಮಾಡ್ತಿರುವವರಿಗೆ ಇದನ್ನ ಹೇಳ್ತಾ ಇದ್ದೀನಿ. ಅಲ್ಲಿ ಮೊದಲು ಮಾತಾಡಬೇಕಾದದ್ದು ಮೀನುಗಾರರ ಹತ್ತಿರ. ಅವರು ಬೇಡ ಅಂದರೆ, "ನಾವು ಪ್ರಾರ್ಥನೆ ಮಾಡಿ ಬಂದಿದ್ದೀವಿ" ಅಂತ ಎದುರುತ್ತರ ಕೊಡಬೇಡಿರಿ. ಪ್ರಾರ್ಥನೆಗೆ ಉತ್ತರ ಅವರ ಬಾಯಿಂದಲೇ ಬಂದಿರಬಹುದು.

ಹಡಗು ಒಡೆಯಿತು, ಜನ ಹಲಗೆ ಹಿಡಿದು ಮೆಲೀತೆಗೆ ಸೇರಿದರು. ಆ ದ್ವೀಪದವರನ್ನು ಈ ಪ್ರಯಾಣದ ಬಗ್ಗೆ ಯಾರೂ ಕೇಳಿರಲಿಲ್ಲ. ಆದರೂ ಮಳೆ ಚಳಿಯಲ್ಲಿ ಬೆಂಕಿ ಹೊತ್ತಿಸಿದವರು ಅವರು. "ನಾನು ಆಗಲೇ ಹೇಳಿದ್ದೆ" ಅನ್ನುವ ಹಕ್ಕಿದ್ದ ಪೌಲನು ಅಲ್ಲಿ ಏನು ಮಾಡ್ತಾ ಇದ್ದ ನೋಡಿರಿ: ಕಟ್ಟಿಗೆ ಆರಿಸಿ ತಂದು ಬೆಂಕಿಗೆ ಹಾಕ್ತಾ ಇದ್ದ.

ಪ್ರಾರ್ಥಿಸೋಣ.