ಬಿಡುವಿನ ದಿನದ ಅಲ್ಪಸುಖ

ಸುಖವನ್ನು ಬಯಸದ ಜೀವಿಯಿಲ್ಲ. ಆದರೂ ಸುಖವೆಂಬ ಮಾತು ಬಂದೊಡನೆ ವಿಚಾರವಂತನ ಮನಸ್ಸಿನಲ್ಲಿ ಒಂದು ಸಂಕೋಚ ತಲೆದೋರುವುದು. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂಬ ವಿಂಗಡಣೆಯನ್ನು ಕಠೋಪನಿಷತ್ತು ಬಹು ಹಿಂದೆಯೇ ಮಾಡಿಟ್ಟಿದೆ. ಹಾಗಾದರೆ ವಾರವೆಲ್ಲ ದುಡಿದ ಗೃಹಸ್ಥನು ಬಿಡುವಿನ ದಿನ ಅನುಭವಿಸುವ ಸಣ್ಣಪುಟ್ಟ ಸುಖಗಳು ಯಾವ ಪಂಕ್ತಿಗೆ ಸೇರತಕ್ಕವು? ಸ್ವಲ್ಪ ತಡವಾಗಿ ಏಳುವುದು, ಅವಸರವಿಲ್ಲದೆ ಕಾಫಿ ಕುಡಿಯುವುದು, ಮಕ್ಕಳೊಡನೆ ಲಾಲ್‌ಬಾಗಿನ ಮರಗಳ ಕೆಳಗೆ ನಡೆದಾಡುವುದು, ಹೊಸ ಕೈಕೆಲಸವೊಂದನ್ನು ಕಲಿಯುವುದು - ಇವೆಲ್ಲವೂ ಬರಿಯ ಪ್ರೇಯಸ್ಸೇ? ಇವುಗಳಲ್ಲಿ ಶ್ರೇಯಸ್ಸಿನ ಅಂಶವೇನೂ ಇಲ್ಲವೇ?

ವಾರದ ಬಿಡುವು ಆಲಸ್ಯದ ಫಲವಲ್ಲವೆಂಬುದನ್ನು ಮೊದಲು ತಿಳಿಯಬೇಕು. ಅದು ದುಡಿಯುವವರು ಬೇಡಿ, ಹೋರಾಡಿ ಪಡೆದ ವಸ್ತು. ಮುಂಬಯಿಯ ಬಟ್ಟೆ ಗಿರಣಿಗಳ ಕೆಲಸಗಾರರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ 1890ರಲ್ಲಿ ಭಾನುವಾರದ ರಜೆಯನ್ನು ಗಳಿಸಿಕೊಂಡರು. 1921ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕೈಗಾರಿಕೆಗಳಲ್ಲಿ ದುಡಿಯುವವರಿಗೆ ಏಳು ದಿನಗಳಿಗೊಮ್ಮೆ ಕನಿಷ್ಠ 24 ಗಂಟೆಗಳ ವಿಶ್ರಾಂತಿ ದೊರೆಯಬೇಕೆಂದು ಒಪ್ಪಂದ ಮಾಡಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆಗಳ ಕಾಯಿದೆಯೂ ವಾರದ ರಜೆಯನ್ನು ವಿಧಿಸಿತು. ಇಷ್ಟು ಶ್ರಮದಿಂದ ದೊರೆತ ದಿನವನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆಯು ಆದುದರಿಂದ ಅಲ್ಪವಾದುದಲ್ಲ.

ಈಚಿನ ವರ್ಷಗಳಲ್ಲಿ ಬೆಂಗಳೂರಿನಂತಹ ನಗರಗಳಲ್ಲಿ ವಾರಾಂತ್ಯದ ಕಾರ್ಯಾಗಾರಗಳು ನಡೆಯುವುದುಂಟು. ಅವುಗಳಲ್ಲೊಂದು ಸಾವರ್‌ಡೋ ಎಂಬ ಬ್ರೆಡ್ಡನ್ನು ಮಾಡುವುದನ್ನು ಕಲಿಸುವುದು. ಸಾವರ್‌ಡೋ ಎಂದರೆ ಹುಳಿಹಿಟ್ಟು. ಹೆಸರು ಹೊಸದಾದರೂ ತತ್ತ್ವವು ನಮ್ಮ ಅಡಿಗೆಮನೆಗೆ ಹೊಸದಲ್ಲ. ಅಕ್ಕಿ, ಉದ್ದುಗಳನ್ನು ರುಬ್ಬಿ ರಾತ್ರಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ದೋಸೆಯ ಹಿಟ್ಟು ಉಬ್ಬಿ ಬರುವುದನ್ನು ಕಾಣದ ಮನೆಯುಂಟೇ? ಹಾಲಿಗೆ ಹೆಪ್ಪು ಹಾಕುವಂತೆ ಈ ಬ್ರೆಡ್ಡಿಗೂ ಒಂದು ಹೆಪ್ಪು ಬೇಕು. ಗೋಧಿಹಿಟ್ಟು, ನೀರುಗಳನ್ನು ಸಮತೂಕದಲ್ಲಿ ಕಲಸಿಟ್ಟು, ದಿನವೂ ಅದರಲ್ಲೊಂದು ಭಾಗವನ್ನು ತೆಗೆದು ಹೊಸ ಹಿಟ್ಟು, ಹೊಸ ನೀರುಗಳನ್ನು ಕೂಡಿಸುತ್ತ ಬಂದರೆ, ವಾರವೊಂದು ಕಳೆಯುವಷ್ಟರಲ್ಲಿ ಅದು ಗುಳ್ಳೆಯೆದ್ದು ಜೀವಂತವಾಗುವುದು. ಹಿಟ್ಟಿನಲ್ಲಿಯೇ ಇರುವ ಯೀಸ್ಟೆಂಬ ಸೂಕ್ಷ್ಮಜೀವಿಯು ಅನಿಲವನ್ನು ಹುಟ್ಟಿಸಿ ಕಣಕವನ್ನು ಉಬ್ಬಿಸುವುದು. ಮೊಸರಿನಲ್ಲಿರುವ ಬ್ಯಾಕ್ಟೀರಿಯಾಗಳ ಬಳಗಕ್ಕೇ ಸೇರಿದ ಜೀವಿಗಳು ಹುಳಿಯನ್ನು ಕೊಡುವುವು.

ಆ ಕಾರ್ಯಾಗಾರಕ್ಕೆ ಹೋದ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ವಾರವೆಲ್ಲ ಗಡಿಯಾರವನ್ನು ನೋಡಿ ಬದುಕಿದ ಅವನಿಗೆ ಅಲ್ಲಿ ದೊರೆಯುವ ಮೊದಲ ಪಾಠವೆಂದರೆ ಕಾಯುವುದು. ನೂರು ಪಾಲು ಹಿಟ್ಟಿಗೆ ಸುಮಾರು ಎರಡು ಪಾಲು ಉಪ್ಪು ಬೆರೆಸಿ ಕಲಸಿದ ಮೇಲೆ, ಅರ್ಧ ಗಂಟೆಗೊಮ್ಮೆ ಕಣಕವನ್ನು ಎಳೆದು ಮಡಿಸಿ ಸುಮ್ಮನಿರಬೇಕು. ಸೆಕೆ ಹೆಚ್ಚಿದರೆ ಅದು ಬೇಗ ಉಬ್ಬುವುದು, ಚಳಿಯಿದ್ದರೆ ನಿಧಾನಿಸುವುದು. ಬೆಂದು ಹೊರಬಂದ ಮೇಲೂ ಅದನ್ನು ಒಡನೆ ಕೊಯ್ಯಲಾಗದು. ಒಂದು ಗಂಟೆಯಾದರೂ ಆರಬೇಕು. ಹಣದಿಂದ ಹಿಟ್ಟನ್ನೂ ಒಲೆಯನ್ನೂ ಕೊಳ್ಳಬಹುದು, ಹಿಟ್ಟು ಹುದುಗುವ ಹೊತ್ತನ್ನು ಕೊಳ್ಳಲಾಗದು. ಹಸಿದವನಿಗೆ ರೊಟ್ಟಿ, ನೀರುಗಳೇ ಪರಮಸುಖವನ್ನು ಕೊಡಬಲ್ಲವೆಂದು ಗ್ರೀಸಿನ ತತ್ತ್ವಜ್ಞಾನಿ ಎಪಿಕ್ಯೂರಸನು ತಿಳಿದಿದ್ದನು. ಕಾದು ತಿಂದ ತುತ್ತಿನ ರುಚಿಯನ್ನು ಬಲ್ಲವನಿಗೆ ಆ ಮಾತಿನ ಅರ್ಥವಾಗದಿರದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೊಲದಲ್ಲಿ ದುಡಿದು ಬಂದು ದಿನವೂ ರೊಟ್ಟಿ ಬಡಿಯುವ ತಾಯಂದಿರಿರುವ ನಾಡಿನಲ್ಲಿ, ಶುಲ್ಕ ಕೊಟ್ಟು ಹಿಟ್ಟು ನಾದಲು ಕಲಿಯುವುದು ಉಳ್ಳವರ ವಿನೋದವಲ್ಲವೇ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ದೋಷವು ಕಲಿಯುವುದರಲ್ಲಿಲ್ಲ. ಕಲಿತು ಬಂದ ಮೇಲೆ ಏನಾಯಿತೆಂಬುದರಲ್ಲಿದೆ.

ಗೃಹಸ್ಥನ ಬಿಡುವಿನ ದಿನ ಗೃಹಿಣಿಗೂ ಬಿಡುವಿನ ದಿನವೇ? ಅನೇಕ ಮನೆಗಳಲ್ಲಿ ಅಂದೇ ಅವಳಿಗೆ ಕೆಲಸ ಹೆಚ್ಚು. ಎಲ್ಲರೂ ಮನೆಯಲ್ಲಿರುವರು, ವಿಶೇಷದ ಅಡಿಗೆಯಾಗಬೇಕು, ನೆಂಟರು ಬರುವರು, ಪಾತ್ರೆಗಳು ರಾಶಿ ಬೀಳುವುವು. ಭಾರತ ಸರಕಾರವು 2019ರಲ್ಲಿ ನಡೆಸಿದ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಅದರಲ್ಲಿ ತೊಡಗಿದ ಗಂಡಸರು 97 ನಿಮಿಷಗಳನ್ನೂ ವ್ಯಯಿಸಿದರು. ಅಂತಹ ಕೆಲಸದಲ್ಲಿ ತೊಡಗಿದ ಗಂಡಸರಾದರೂ ನೂರಕ್ಕೆ ಸುಮಾರು 26 ಮಂದಿ ಮಾತ್ರ. ಹೆಂಗಸರು ನೂರಕ್ಕೆ ಸುಮಾರು 81. ಗಿರಣಿಯ ಕೆಲಸಗಾರನಿಗೆ 1890ರಲ್ಲಿ ದೊರೆತ ರಜೆಯು ಅಡಿಗೆಮನೆಗೆ ಇನ್ನೂ ಬಂದಿಲ್ಲವೆಂದರೆ ತಪ್ಪಾಗದು.

ಅಲ್ಪಸುಖದ ಒರೆಗಲ್ಲು ಇಲ್ಲಿಯೇ ಇದೆ. ಒಬ್ಬನ ಸುಖವು ಮತ್ತೊಬ್ಬರ ವಿಶ್ರಾಂತಿಯನ್ನು ಕಸಿದುಕೊಂಡು ಬಂದುದಾದರೆ ಅದು ಎಷ್ಟೇ ಸಣ್ಣದಾಗಿರಲಿ, ನಿರ್ದೋಷವಲ್ಲ. ಬ್ರೆಡ್ಡು ಮಾಡಲು ಕಲಿತವನು ಮನೆಗೆ ಬಂದು ಹಿಟ್ಟು ಚೆಲ್ಲಿ, ಪಾತ್ರೆಗಳನ್ನು ಹಾಗೆಯೇ ಬಿಟ್ಟು, ತನ್ನ ಕೈಚಳಕಕ್ಕೆ ಹೊಗಳಿಕೆಯನ್ನು ನಿರೀಕ್ಷಿಸಿ ಕುಳಿತರೆ ಅವನು ಕಲಿತುದೇನು? ಬದಲಾಗಿ, ಎರಡು ಗಂಟೆ ಹಿಟ್ಟಿನೊಡನೆ ಹೆಣಗಿ ತೋಳು ನೋಯಿಸಿಕೊಂಡವನಿಗೆ, ಇಷ್ಟು ವರ್ಷ ತನಗೆ ಬಿಸಿರೊಟ್ಟಿ ಬಡಿಸಿದ ಕೈಗಳ ನೆನಪಾದರೆ, ಕೊಟ್ಟ ಶುಲ್ಕಕ್ಕೆ ಫಲ ದೊರೆತಂತೆಯೇ ಸರಿ. ಅಂತಹವನು ಮುಂದಿನ ಭಾನುವಾರ, “ಇವೊತ್ತು ನೀ ಕೂತಿರು, ಒಲೆಯ ಕೆಲಸ ನಾ ನೋಡ್ಕೋತೀನಿ” ಎಂದಾನು. ಪಾತ್ರೆಗಳನ್ನೂ ತಾನೇ ತೊಳೆದಾನು. ಕಾಯಕ, ದಾಸೋಹಗಳೆಂಬ ಮಾತುಗಳನ್ನು ನಿತ್ಯವೂ ಕೇಳುವ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ತನ್ನ ಮೈಮುರಿದು ಮಾಡಿದುದನ್ನು ಹಂಚಿಕೊಂಡು ಉಣ್ಣುವಲ್ಲಿ ಸುಖವೂ ಉಂಟು, ಧರ್ಮವೂ ಉಂಟು. ಪ್ರೇಯಸ್ಸು ಶ್ರೇಯಸ್ಸಾಗುವುದು ಹೀಗೆ.

ಕಾರ್ಯಾಗಾರದಿಂದ ಹಿಂದಿರುಗುವವರ ಕೈಗೆ ಸಾಮಾನ್ಯವಾಗಿ ಒಂದು ಪುಟ್ಟ ಸೀಸೆಯಲ್ಲಿ ಹೆಪ್ಪನ್ನು ಕೊಟ್ಟು ಕಳಿಸುವುದುಂಟು. ಅದರ ಒಂದು ಭಾಗವನ್ನು ಆಗಾಗ ತೆಗೆಯದೆ, ಹೊಸ ಹಿಟ್ಟು ಕೂಡಿಸದೆ ಹಾಗೆಯೇ ಮುಚ್ಚಿಟ್ಟರೆ ಅದು ಅತಿಯಾಗಿ ಹುಳಿತು ಸತ್ತ್ವಗುಂದುವುದು. ತೆಗೆದ ಭಾಗವನ್ನು ನೆರೆಮನೆಗೆ ಕೊಟ್ಟರೆ ಅಲ್ಲಿಯೂ ಒಂದು ಹೆಪ್ಪು ಬೆಳೆಯುವುದು, ಇಲ್ಲಿಯದೂ ಉಳಿಯುವುದು. ಬಿಡುವಿನ ದಿನದ ಸುಖವನ್ನೂ ಗೃಹಸ್ಥರು ಹೀಗೆಯೇ ಕಾಪಾಡಿಕೊಳ್ಳಲಿ. ಬರುವ ಭಾನುವಾರ ಮನೆಯಲ್ಲಿ ಯಾರಿಗೆ ಬಿಡುವಿಲ್ಲವೆಂಬುದನ್ನು ಮೊದಲು ವಿಚಾರಿಸಿ, ಆ ಮೇಲೆ ತಮ್ಮ ಬಿಡುವನ್ನು ಅನುಭವಿಸಲಿ.