ಉತ್ತರಕುಮಾರನ ಕೈಗೆ ವಾಘೆ

ಉತ್ತರಕುಮಾರನ ಪೌರುಷ ಒಲೆಯ ಮುಂದೆ ಎಂದು ಗಾದೆ ಕಟ್ಟಿ ನಾವು ಅವನನ್ನು ನಕ್ಕು ಮುಗಿಸಿದ್ದೇವೆ. ಯಕ್ಷಗಾನದ ರಂಗಸ್ಥಳಕ್ಕೆ ಅವನು ಬಂದರೆ ಸಾಕು, ನಿದ್ದೆ ತೂಗುತ್ತಿದ್ದವರೂ ಎದ್ದು ಕೂರುತ್ತಾರೆ. ಹೆಂಗಸರ ನಡುವೆ ಕೊಚ್ಚಿಕೊಂಡದ್ದು ತಪ್ಪೇ, ಒಪ್ಪೋಣ. ಆದರೆ ಕೌರವರ ಸೈನ್ಯ ಕಂಡು ರಥದಿಂದ ಧುಮುಕಿ ಓಡಿದ್ದನ್ನು ಹೇಡಿತನ ಎಂದು ತಳ್ಳಿಹಾಕುವ ಮೊದಲು ಅವನ ಕಣ್ಣಿಗೆ ಕಂಡದ್ದೇನು ಎಂದು ನೋಡಬೇಕು. ಅಪ್ಪ ವಿರಾಟರಾಜ ಸೈನ್ಯವನ್ನೆಲ್ಲ ಕಟ್ಟಿಕೊಂಡು ತೆಂಕಣ ದಿಕ್ಕಿಗೆ ಹೋಗಿದ್ದಾನೆ. ಎದುರಿಗೆ ಭೀಷ್ಮ, ದ್ರೋಣ, ಕೃಪ, ಕರ್ಣ, ಅಶ್ವತ್ಥಾಮ, ದುರ್ಯೋಧನ. ಈ ಕಡೆ ಒಬ್ಬ ಹುಡುಗ, ಅವನಿಗೆ ಸಾರಥಿಯಾಗಿ ನಾಟ್ಯ ಕಲಿಸುವ ಬೃಹನ್ನಳೆ. ಓಡಿದವನ ಲೆಕ್ಕ ಸರಿಯಾಗಿಯೇ ಇತ್ತು.

ನನಗೆ ಮುಖ್ಯವೆನಿಸುವುದು ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಆಮೇಲೆ ಮಾಡಿದ ಕೆಲಸ. ಜನ ನಗುತ್ತಾರೆ, ಕ್ಷತ್ರಿಯನಿಗೆ ಇದು ತರವಲ್ಲ ಎಂದೆಲ್ಲ ಹೇಳಿ ನೋಡಿದ; ಹುಡುಗ ಕೇಳಲಿಲ್ಲ. ಆಗ ಬೆನ್ನಟ್ಟಿ ಹಿಡಿದು ರಥಕ್ಕೆ ಎಳೆತಂದ. ತಂದವನು ಯುದ್ಧ ಮಾಡು ಎನ್ನಲಿಲ್ಲ. ಯುದ್ಧ ನನಗಿರಲಿ, ನೀನು ವಾಘೆ ಹಿಡಿ ಎಂದ. ಅದಕ್ಕೂ ಮೊದಲು ಇನ್ನೊಂದು ಸಣ್ಣ ಕೆಲಸ: ಶಮೀವೃಕ್ಷ ಹತ್ತಿ ಪಾಂಡವರು ಬಚ್ಚಿಟ್ಟಿದ್ದ ಆಯುಧದ ಕಟ್ಟು ಇಳಿಸುವುದು. ಅಲ್ಲಿರುವುದು ಹೆಣ ಎಂದು ಹುಡುಗ ಅಲ್ಲೂ ಅಂಜಿದ. ಆದರೂ ಹತ್ತಿದ, ಇಳಿಸಿದ. ಯಾವ ಸೈನ್ಯವನ್ನು ಕಂಡು ಓಡಿದ್ದನೋ ಅದರ ನಡುವೆಯೇ ಅಂದು ರಥ ಹೊಡೆದ. ಅವನಲ್ಲಿ ಧೈರ್ಯ ಹುಟ್ಟಿದ ಮೇಲೆ ಕೆಲಸ ಕೊಟ್ಟದ್ದಲ್ಲ. ಕೆಲಸದ ಅಳತೆ ಇಳಿಸಿ ಕೈಗೆ ಕೊಟ್ಟದ್ದಕ್ಕೆ ಧೈರ್ಯ ಹುಟ್ಟಿತು.

ಕೆಲಸದ ರಾಶಿ ಕಂಡು ಕೈಚೆಲ್ಲಿ ಕೂತವರಿಗೆ ನಾವು ಇಂದು ಕೊಡುತ್ತಿರುವ ಮದ್ದು ಇದಕ್ಕೆ ತೀರಾ ವಿರುದ್ಧವಾದದ್ದು. ಉತ್ಸಾಹ ತುಂಬುವ ಭಾಷಣ, ಬೆಳಗಿನ ವಾಟ್ಸ್ಆಪ್ ಸುಭಾಷಿತ, ಸಾಧಕರ ವಿಡಿಯೊ. ಇವುಗಳ ಹಿಂದಿರುವ ನಂಬಿಕೆ ಒಂದೇ: ಮೊದಲು ಮನಸ್ಸು ಬರಬೇಕು, ಆಮೇಲೆ ಕೈ ಆಡುತ್ತದೆ. ಈ ಕ್ರಮವೇ ತಲೆಕೆಳಗು ಎನ್ನುವುದು ನನ್ನ ವಾದ. ಕುಸಿದು ಕೂತವನಲ್ಲಿ ಆಸೆಗೆ ಕೊರತೆಯಿಲ್ಲ; ಆಸೆ ಇರುವುದಕ್ಕೇ ರಾತ್ರಿ ನಿದ್ದೆ ಬರುವುದಿಲ್ಲ. ಇಲ್ಲದಿರುವುದು ತಾನು ಕೈಯಾಡಿಸಿದರೆ ಏನಾದರೂ ಬದಲಾಗುತ್ತದೆ ಎಂಬ ನಂಬಿಕೆ. ಅದನ್ನು ಮಾತಿನಿಂದ ತುಂಬಲು ಬರುವುದಿಲ್ಲ.

ಇದಕ್ಕೊಂದು ಸಾಕ್ಷ್ಯವಿದೆ, ಕ್ರೂರವಾದ ಸಾಕ್ಷ್ಯ. 1960ರ ದಶಕದಲ್ಲಿ ಅಮೆರಿಕದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಕೆಲವು ನಾಯಿಗಳಿಗೆ ಕೊಟ್ಟ ವಿದ್ಯುತ್ ಹೊಡೆತವನ್ನು ಅವು ಏನು ಮಾಡಿದರೂ ನಿಲ್ಲಿಸಲು ಆಗುತ್ತಿರಲಿಲ್ಲ. ಆಮೇಲೆ ಅವನ್ನು ಬೇರೊಂದು ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ನಡುವಿನ ಗಿಡ್ಡ ತಡೆಯನ್ನು ಹಾರಿದರೆ ಹೊಡೆತ ತಪ್ಪುತ್ತಿತ್ತು. ಹೆಚ್ಚಿನವು ಹಾರಲಿಲ್ಲ, ಮಲಗಿ ಕುಯ್‌ಗುಟ್ಟುತ್ತ ಸಹಿಸಿದವು. ಇಷ್ಟು ಭಾಗ ಬಹಳ ಜನರಿಗೆ ಗೊತ್ತು. ಅವನ್ನು ಮತ್ತೆ ಸರಿಪಡಿಸಲು ಹೋದದ್ದು ಅಷ್ಟಾಗಿ ಗೊತ್ತಿಲ್ಲ. 1968ರಲ್ಲಿ ಪ್ರಕಟವಾದ ವರದಿಯಲ್ಲಿ ಅದಿದೆ. ತಡೆಯನ್ನೇ ತೆಗೆದು ಆಚೆಯಿಂದ ಕರೆದರು. ತಿನಿಸಿನ ಆಸೆ ತೋರಿಸಿದರು. ಅವು ಅಲುಗಾಡಲಿಲ್ಲ. ಕೊನೆಗೆ ಕುತ್ತಿಗೆಗೆ ಹಗ್ಗ ಹಾಕಿ ಆಚೆಗೆ ಎಳೆದರು, ಮತ್ತೆ ಮತ್ತೆ ಎಳೆದರು. ತನ್ನ ಕಾಲು ಆಚೆಗೆ ಹೋದಾಗ ಹೊಡೆತ ನಿಂತದ್ದನ್ನು ಮೈಯೇ ಅರಿತ ಮೇಲೆ ನಾಯಿ ತಾನಾಗಿ ದಾಟತೊಡಗಿತು.

ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಇದೇ ಇಬ್ಬರು ತಮ್ಮ ಸಿದ್ಧಾಂತವನ್ನು ತಿರುಗಿಸಿ ಬರೆದರು. ನಾವು ಅಸಹಾಯಕತೆಯನ್ನು ಕಲಿಯುತ್ತೇವೆ ಎಂದು ಮೊದಲು ಹೇಳಿದ್ದರು. ಈಗ ಹೇಳಿದ್ದು, ಕಷ್ಟ ಎಡೆಬಿಡದೆ ಬಂದಾಗ ಸುಮ್ಮನೆ ಬಿದ್ದುಕೊಳ್ಳುವುದೇ ಮೆದುಳಿನ ಹುಟ್ಟುಗುಣ; ಕಲಿಯಬೇಕಾದದ್ದು ನನ್ನ ಕೈಲಿ ಏನೋ ಇದೆ ಎಂಬುದನ್ನು. ಸೋಮಾರಿ ಎಂದು ಬೈಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಈಗ ನಮ್ಮ ನಡುವಿನದೇ ಒಂದು ಮೇಜನ್ನು ನೋಡೋಣ, ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯದು. ಪಾಠವಲ್ಲದೆ ಬಿಸಿಯೂಟದ ಲೆಕ್ಕ, ಹಾಲಿನಪುಡಿಯ ದಾಸ್ತಾನು, ಮೊಟ್ಟೆ ತಿಂದ ಮಕ್ಕಳೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಮಕ್ಕಳ ದಾಖಲೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಅಂಕ ತುಂಬುವುದು. ಮತಗಟ್ಟೆ ಅಧಿಕಾರಿ (ಬಿಎಲ್‌ಒ) ಆಗಿದ್ದರೆ ಮತದಾರರ ಪಟ್ಟಿಯೂ ಉಂಟು. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆ ಮನೆಗೆ ಕಳಿಸಲಾಯಿತು. ಅದು ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಇದೆಲ್ಲದರ ನಡುವೆ ಟ್ವೈನ್ ದಾರ ಕಟ್ಟಿದ ಉತ್ತರಪತ್ರಿಕೆಗಳ ಕಟ್ಟು ಹಾಗೆಯೇ ಉಳಿದಿದೆ. ರಾತ್ರಿ ಅದನ್ನು ಎದುರಿಗಿಟ್ಟುಕೊಂಡು ಆಕೆ ಮೊಬೈಲ್ ನೋಡುತ್ತ ಕೂತಿದ್ದರೆ ಅದು ಮೈಗಳ್ಳತನವಲ್ಲ. ದಾರ ಬಿಚ್ಚಿ, ಮೇಲಿನ ಐದು ಪತ್ರಿಕೆ ತೆಗೆದು, ಮೊದಲ ಪ್ರಶ್ನೆಯನ್ನಷ್ಟೇ ತಿದ್ದಿದರೆ? ಐದು ಕಡೆ ಕೆಂಪು ಶಾಯಿಯ ಗುರುತು ಬೀಳುತ್ತದೆ. ಕಟ್ಟು ಕರಗುವುದಿಲ್ಲ, ಆದರೆ ತನ್ನ ಕೈಯಿಂದ ಒಂದು ಆಯಿತು ಎಂಬುದಕ್ಕೆ ಕಣ್ಣೆದುರು ಸಾಕ್ಷಿ ಸಿಗುತ್ತದೆ. ಆರನೆಯದನ್ನು ಎಳೆದುಕೊಳ್ಳುವ ಮನಸ್ಸು ಬಂದರೆ ಬಂದೀತು, ಬಾರದಿದ್ದರೆ ನಾಳೆಗೆ ಐದು ಉತ್ತರ ಕಡಿಮೆ.

ಸಣ್ಣ ಕೆಲಸವೆಂದು ಮೇಜು ಒರೆಸುವುದು, ಪೆನ್ನು ಜೋಡಿಸುವುದು, ಬಣ್ಣಬಣ್ಣದ ವೇಳಾಪಟ್ಟಿ ಬರೆಯುವುದು ಮಾಡಿದರೆ ಪ್ರಯೋಜನವಿಲ್ಲ. ಅದು ತಪ್ಪಿಸಿಕೊಳ್ಳುವ ಮರ್ಯಾದಸ್ಥ ದಾರಿ. ಉತ್ತರಕುಮಾರ ಹತ್ತಿದ್ದು ಆಯುಧವಿದ್ದ ಮರವನ್ನೇ. ಅಂಜಿಸುತ್ತಿರುವ ರಾಶಿಯಿಂದಲೇ ಒಂದು ಹಿಡಿ ತೆಗೆಯಬೇಕು.

ಗೀತೆಯಲ್ಲಿ ಕೃಷ್ಣ ಮಾತಿನಿಂದಲೇ ಅರ್ಜುನನನ್ನು ಎಬ್ಬಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಎಬ್ಬಿಸಿದ. ಆದರೆ ಅರ್ಜುನನ ವಿಷಾದ ಯುದ್ಧ ಮಾಡುವುದು ಸರಿಯೇ ತಪ್ಪೇ ಎಂಬುದರ ಕುರಿತದ್ದು. ಸಂಶಯಕ್ಕೆ ಮಾತು ಮದ್ದು, ಹೊರೆಗೆ ಅಲ್ಲ. ದಣಿದ ನೌಕರನಿಗೆ ಗೀತೆಯ ಶ್ಲೋಕ ಹೇಳುವ ಮೇಲಧಿಕಾರಿ ಹದಿನೆಂಟು ಅಧ್ಯಾಯ ಓದಿಯೂ ವಿರಾಟಪರ್ವ ಓದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸುಳ್ಳಾದೀತು. ಒಂದೊಂದಾಗಿ ಮಾಡಿದರೂ ಮುಗಿಯದಷ್ಟು ಕೆಲಸ ಹೇರಿದ್ದರೆ, ತಂತ್ರ ಹೇಳಿಕೊಡುವುದು ಹೇರಿದವರ ಪರವಾಗಿ ವಾದಿಸಿದಂತೆ. ಇಲ್ಲಿ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಗಂಡ ಮಾರಯ್ಯ ಮಾತುಕತೆಯಲ್ಲಿ ಮೈಮರೆತಾಗ ಕಾಯಕ ನಿಂತಿದೆ, ಹೋಗು ಎಂದು ಎಬ್ಬಿಸಿದವಳು ಅವಳೇ. ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬಾ ಎಂದವಳೂ ಅವಳೇ. ಕಾಯಕವನ್ನು ಹಾಡಿ ಹೊಗಳುವ ನಾವು ಮೊದಲ ಮಾತನ್ನು ಹಿಡಿದುಕೊಂಡೆವು, ಎರಡನೆಯದನ್ನು ನಮ್ಮ ಅನುಕೂಲಕ್ಕೆ ಮರೆತೆವು. ಹೆಚ್ಚಾದದ್ದನ್ನು ಮರಳಿಸುವುದೂ ಕಾಯಕದ ಒಂದು ಭಾಗವೇ. ಇದು ನನ್ನಿಂದ ಆಗದು ಎಂದು ಹೊತ್ತಿಗೆ ಸರಿಯಾಗಿ ಹೇಳುವುದು ಐದು ಪತ್ರಿಕೆ ತಿದ್ದುವುದಕ್ಕಿಂತ ಕಷ್ಟ. ಸಂಬಳ ಕೊಡುವವರ ಎದುರು ಅದು ಎಲ್ಲರಿಂದಲೂ ಆಗುವ ಮಾತೂ ಅಲ್ಲ.

ವಾರಗಟ್ಟಲೆ ಊಟ ನಿದ್ದೆ ಸೇರದೆ, ಮೊದಲು ಇಷ್ಟವಿದ್ದದ್ದೂ ಬೇಡವಾಗಿದ್ದರೆ ಅದು ಪ್ರಬಂಧ ಓದಿ ನೀಗುವಂಥದ್ದಲ್ಲ. ವೈದ್ಯರನ್ನು ಕಾಣಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೆಲಸ ಹಂಚುವ ಜಾಗದಲ್ಲಿ ಕೂತವರಲ್ಲಿ ನನ್ನದೊಂದು ವಿನಂತಿ. ಮುಂದಿನ ಕಾರ್ಯಾಗಾರಕ್ಕೆ ಉತ್ಸಾಹ ತುಂಬುವ ಭಾಷಣಕಾರರನ್ನು ಗೊತ್ತುಮಾಡುವ ಮೊದಲು ನಿಮ್ಮ ಕೈಕೆಳಗಿನವರ ಹೆಸರಿನಲ್ಲಿರುವ ಕೆಲಸಗಳ ಪಟ್ಟಿ ತರಿಸಿ ಓದಿ. ಅದರಲ್ಲಿ ಯಾರಿಗೂ ಬೇಡವಾದ ಒಂದೆರಡು ವರದಿಗಳು ಖಂಡಿತ ಇರುತ್ತವೆ. ಅವನ್ನು ಹೊಡೆದುಹಾಕಿ.